ಟೊಮೆಟೊ ಮಡಿಗೆ ಭತ್ತದ ಹುಲ್ಲು ಹೊದಿಸಿದ ಮೇಲೆ ಎಲೆ ಹಳದಿ, ಯಾಕೆ?

ಕೆಂಪುಮಣ್ಣು:
10 ಗುಂಟೆ ಟೊಮೆಟೊ, ಡ್ರಿಪ್ ಇದೆ. ಏರುಮಡಿ ಎರಡೂವರೆ ಅಡಿ ಅಗಲ, ನಡುವಿನ ದಾರಿಯೂ ಅಷ್ಟೇ. ನಾಟಿಯಾಗಿ 25 ದಿನ. ಎರಡು ಮಡಿಗೆ ಮಾತ್ರ ಹುಲ್ಲು ಹೊದಿಸಿದ್ದು, ಅಲ್ಲೇ ಕೆಳಗಿನ ಎಲೆ ಹಳದಿ ತಿರುಗ್ತಿವೆ. ಹುಲ್ಲು ಕೊಳೆಯುವಾಗ ಮಣ್ಣಿನ ಸಾರಜನಕ ಎಳೀತಾ? ಉಳಿದ ಮಡಿಗೆ ಎಷ್ಟು ಹುಲ್ಲು ಬೇಕು? ಗೆದ್ದಲು ಬರುತ್ತಾ?

ಬದುವಿನಾಚೆ:
ಸರ್, ಹುಲ್ಲು ಮಣ್ಣಿನ ಮೇಲೇ ಇದ್ದರೆ ಸಾರಜನಕ ಎಳೆಯೋದು ಹುಲ್ಲು-ಮಣ್ಣು ತಾಗುವ ತೆಳು ಪದರದಲ್ಲಷ್ಟೇ. ಬೇರಿನ ಆಳಕ್ಕೆ ಅದು ತಟ್ಟಲ್ಲ. ಕೊಳೆಯದ ಒಣಹುಲ್ಲನ್ನೋ ತೆಂಗಿನ ನಾರಿನ ಪುಡಿಯನ್ನೋ ಮಣ್ಣಿಗೆ ಬೆರೆಸಿದರೆ ಮಾತ್ರ ನಿಜವಾದ ಕೊರತೆ.

ಮೊದಲು ನೀರು ನೋಡಿ. ಹೊದಿಕೆ ಹಾಕಿದ ಮೇಲೂ ಡ್ರಿಪ್ ಮೊದಲಿನಷ್ಟೇ ಹೊತ್ತು ಬಿಡೋದೇ ಸಾಮಾನ್ಯ ತಪ್ಪು. ಹುಲ್ಲು ಸರಿಸಿ ನಾಲ್ಕು ಇಂಚು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡಿ. ನೀರು ಜಿನುಗಿದರೆ ಬೇರಿಗೆ ಉಸಿರಿಲ್ಲ, ಎರಡು ಮೂರು ದಿನ ನೀರು ನಿಲ್ಲಿಸಿ. ಉಂಡೆ ಕಟ್ಟಿ, ಬೆರಳು ಒತ್ತಿದರೆ ಒಡೆಯುವಂತಿದ್ದರೆ ಹದ ಸರಿ. ಆಗಲೂ ಹಳದಿ ಮೇಲಕ್ಕೇರುತ್ತಿದ್ದರೆ ಲೀಟರಿಗೆ 10 ಗ್ರಾಂ ಯೂರಿಯಾ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಸಾವಯವದವರಾದರೆ ಬುಡದ ಸುತ್ತ ಎರೆಗೊಬ್ಬರ.

ತರಗೆಲೆ:
ಲೆಕ್ಕ ಹೀಗೆ: 10 ಗುಂಟೆಯಲ್ಲಿ ಮಡಿಯ ಜಾಗ ಸುಮಾರು 500 ಚದರ ಮೀಟರ್. ಚದರ ಮೀಟರಿಗೆ ಒಂದೂವರೆ ಕೆಜಿ ಒಣಹುಲ್ಲು ಅಂದರೆ 750 ಕೆಜಿ, ಈಗಾಗಲೇ ಹೊದಿಸಿದ ಎರಡು ಮಡಿಯೂ ಸೇರಿ. ಹಾಕುವಾಗ ಮೂರು ಇಂಚು, ಕುಸಿದು ಒಂದೂವರೆ ಆಗುತ್ತೆ. ಅದಕ್ಕಿಂತ ತೆಳುವಾದರೆ ಕಳೆ ತೂರಿ ಬರುತ್ತೆ. ಒಮ್ಮೆ ಕಳೆ ತೆಗೆದು, ಮಣ್ಣು ನೆನೆಸಿ, ಆಮೇಲೆ ಹೊದಿಸಿ. ಒಣ ಮಣ್ಣಿನ ಮೇಲೆ ಹಾಕಿದರೆ ಸಣ್ಣ ಮಳೆಯನ್ನು ಹುಲ್ಲೇ ಕುಡಿದುಬಿಡುತ್ತೆ.

ಕಾಂಡದ ಸುತ್ತ ಮೂರು ಇಂಚು ಖಾಲಿ ಬಿಡಲೇಬೇಕು. ಒದ್ದೆ ಹುಲ್ಲು ಬುಡಕ್ಕೆ ತಾಗಿದರೆ ಬುಡ ಕೊಳೆ ಶಿಲೀಂಧ್ರ ಅದನ್ನೇ ತಿಂದು ಬೆಳೆದು ಕಾಂಡಕ್ಕೆ ಹತ್ತುತ್ತೆ. ಬುಡದಲ್ಲಿ ಬಿಳಿ ನೂಲು, ಸಾಸಿವೆಯಂಥ ಕಂದು ಕಾಳು ಕಂಡರೆ ಆ ಗಿಡ ಕಿತ್ತು ಹೊರಗೆ ಸುಡಿ.

ಗೆದ್ದಲಿಗೆ ಒಣ ಹೊದಿಕೆ ಇಷ್ಟ. ಹೊದಿಸುವ ಮುಂಚೆ ಗುಂಟೆಗೆ 5–6 ಕೆಜಿ ಬೇವಿನ ಹಿಂಡಿ ಎರಚಿ. ಪೂರ್ತಿ ತಡೆಯಲ್ಲ, ಕಡಿಮೆ ಮಾಡುತ್ತೆ.

ಬದುವಿನಾಚೆ:
ಡ್ರಿಪ್ ಪೈಪ್ ಹುಲ್ಲಿನಡಿ ಹೋದರೆ ಕಟ್ಟಿಕೊಂಡ ತೂತು ಕಾಣಲ್ಲ. ವಾರಕ್ಕೊಮ್ಮೆ ಸಾಲಿನ ಕೊನೇ ಗಿಡದ ಬಳಿ ಕೈಯಾಡಿಸಿ ನೋಡಿ. ಹುಲ್ಲಿಗೆ ರೇಟ್ ಜಾಸ್ತಿಯಾದರೆ ಅಡಿಕೆ ಸೋಗೆ, ಕಬ್ಬಿನ ತರಗು ಕತ್ತರಿಸಿ ಹಾಕಬಹುದು. ಗೊಬ್ಬರಕ್ಕೆ ಬೆಳೆಸುವ ಗ್ಲಿರಿಸಿಡಿಯಾ ಗಿಡದ ಸೊಪ್ಪು ಬೇಗ ಕರಗುತ್ತೆ, ಅದನ್ನು ಹುಲ್ಲಿನ ಕೆಳಗೆ ಹಾಸಿ. ಕಾಂಗ್ರೆಸ್ ಗಿಡ ಹೂ ಬಿಟ್ಟಿದ್ದರೆ ಮಡಿಗೆ ಬೇಡವೇ ಬೇಡ.

ಕೆಂಪುಮಣ್ಣು:
ಮಣ್ಣು ಹಿಂಡಿ ನೋಡಿದೆ, ನೀರು ಜಿನುಗಿತು. ಡ್ರಿಪ್ ನಿಲ್ಲಿಸಿದ್ದೀನಿ. ಮಳೆಗಾಲದಲ್ಲೂ ಹೊದಿಕೆ ಇರಲಾ?

ತರಗೆಲೆ:
ಮಣ್ಣು ಸಿಡಿದು ಎಲೆಗೆ ಅಂಟೋದು ತಪ್ಪುತ್ತೆ, ಎಲೆಚುಕ್ಕೆ ರೋಗ ಕಡಿಮೆ. ಆದರೆ ಬಸವನಹುಳು ಇರೋ ಕಡೆ ಒಂದು ಇಂಚಿಗೆ ಇಳಿಸಿ. ಸಂಜೆ ಮಡಿ ಪಕ್ಕ ಒದ್ದೆ ಗೋಣಿಚೀಲ ಹಾಸಿಡಿ, ಬೆಳಿಗ್ಗೆ ಅದರಡಿ ಸೇರಿದ್ದನ್ನು ಆರಿಸಿ ಉಪ್ಪುನೀರಿಗೆ ಹಾಕಿ. ಕೈಗವಸು ಹಾಕ್ಕೊಳ್ಳಿ.