ರಾತ್ರಿಯ ಗಂಜಿ ಬಿಡಿಸಬೇಕೇ?

ನೀರ್ಚಾಲಿನವ: ಅಮ್ಮನಿಗೆ 62 ವರ್ಷ. ಬರಿಹೊಟ್ಟೆಯ ಸಕ್ಕರೆ 158, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) 7.9. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದಾರೆ. ರಾತ್ರಿ ಕುಚ್ಚಲಕ್ಕಿ ಗಂಜಿಯೇ ಆಗಬೇಕು ಎನ್ನುತ್ತಾರೆ. ಚಪಾತಿ ಮಾಡಿಕೊಟ್ಟರೆ ಇಳಿಯಬಹುದೇ?

ಪೆರ್ಲದ ಕೃಷಿಕ: ಗಂಜಿಯನ್ನು ದೂರಬೇಡಿ. ನಮ್ಮ ಅಜ್ಜಂದಿರು ಮೂರು ಹೊತ್ತೂ ಅದನ್ನೇ ಉಂಡು ಗದ್ದೆ ಉಳುತ್ತಿದ್ದರು. ಜೊತೆಗೆ ಗುಜ್ಜೆ (ಎಳೆ ಹಲಸಿನಕಾಯಿ) ಪಲ್ಯ ಕೊಡಿ. ಹಲಸು ಸಕ್ಕರೆ ಇಳಿಸುತ್ತದೆಂದು ಪ್ರಯೋಗದಲ್ಲೇ ಸಿದ್ಧವಾಗಿದೆ.

ಕುಂಬಳೆ ಟೀಚರ್: ಗದ್ದೆ ಉಳುತ್ತಿದ್ದರು, ಸರಿ. ಈಗ ನಿಮ್ಮಲ್ಲಿ ಉಳುವವರು ಯಾರು? ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ನೆಟ್ಟಾಯಿತು, ಊಟ ಮಾತ್ರ ಅಜ್ಜನದೇ. 2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ನೋಡಿ: ದೇಶದಲ್ಲಿ ಮಧುಮೇಹ ಶೇ. 11.4, ನಮ್ಮ ಕೇರಳದಲ್ಲಿ ಶೇ. 25.5. ಇಲ್ಲಿ ಗುಜ್ಜೆಗೇನು ಬರವೇ?

ಪೆರ್ಲದ ಕೃಷಿಕ: ಅಡಿಕೆಯ ಮೇಲೇಕೆ ಸಿಟ್ಟು? ಪ್ರಯೋಗ ನಡೆದದ್ದು ಆಂಧ್ರದ ಶ್ರೀಕಾಕುಳದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ, ಪ್ರಕಟವಾದದ್ದು 2021ರಲ್ಲಿ. ದಿನಕ್ಕೆ 30 ಗ್ರಾಂ, 12 ವಾರ. ಎಚ್‌ಬಿಎ1ಸಿ ಇಳಿಯಿತು. ಓದಿ ಬನ್ನಿ.

ಬದಿಯಡ್ಕ ಫಾರ್ಮಸಿಸ್ಟ್: ಓದಿಯೇ ಬಂದಿದ್ದೇನೆ. ಸೇರಿಸಿಕೊಂಡದ್ದು ಬರೇ 40 ಮಂದಿಯನ್ನು. ಕೊಟ್ಟದ್ದು ಹಣ್ಣಾಗದ ಹಸಿರು ಕಾಯಿಯ ಹಿಟ್ಟು, ಅದೂ ಅಷ್ಟೇ ಅಕ್ಕಿ ಅಥವಾ ಗೋಧಿಯ ಬದಲಿಗೆ. ನೀವು ಗಂಜಿಯ ಜೊತೆಗೆ ಕೊಡಿ ಎನ್ನುತ್ತಿದ್ದೀರಿ.

ಮುಳ್ಳೇರಿಯ ಭಾವ: ಕಾಯಿಯೇ ಏಕೆ? ನಮ್ಮ ಮಾವ ಊಟದ ಮೇಲೆ ಬಕ್ಕೆ (ಗಟ್ಟಿ ಸೊಳೆಯ ಹಲಸು) ಹಣ್ಣು ತಿನ್ನುತ್ತಾರೆ, ಏನೂ ಆಗಿಲ್ಲ. ತುಳುವ (ಮೆತ್ತನೆ ಸೊಳೆಯ ಹಲಸು) ತಿಂದರೆ ಸಕ್ಕರೆ ಏರುತ್ತದೆ.

ಕುಂಬಳೆ ಟೀಚರ್: ಬಕ್ಕೆಗೆ ಸಕ್ಕರೆ ಇಲ್ಲವೇ? ಹಣ್ಣಾದ ಮೇಲೆ ಪಿಷ್ಟ ಸಕ್ಕರೆಯಾಗುವುದು ಎರಡರಲ್ಲೂ ಒಂದೇ. ಸೊಳೆ ಗಟ್ಟಿ ಇದ್ದ ಮಾತ್ರಕ್ಕೆ ಸಿಹಿ ಓಡಿಹೋಗುವುದಿಲ್ಲ.

ಮುಳ್ಳೇರಿಯ ಭಾವ: ಒಂದೇ ಎನ್ನುವವರು ತುಳುವ ತಿಂದೇ ಇಲ್ಲ. ಕೈಗೆ ಅಂಟುವ ರಸ ಏನೆಂದುಕೊಂಡಿರಿ?

ಪೆರ್ಲದ ಕೃಷಿಕ: ಭಾವ, ತುಳುವವನ್ನು ಹಳಿಯಬೇಡಿ. ಕಡುಬಿಗೆ ಅದೇ ಆಗಬೇಕು.

ಬದಿಯಡ್ಕ ಫಾರ್ಮಸಿಸ್ಟ್: ಕಡುಬಿಗೆ ಬೆಲ್ಲ ಎಷ್ಟು ಹಾಕುತ್ತೀರಿ, ಅದನ್ನೂ ಹೇಳಿ.

ಪೆರ್ಲದ ಕೃಷಿಕ: ಬೆಲ್ಲ ಬೇರೆ, ಬಿಳಿ ಸಕ್ಕರೆ ಬೇರೆ.

ಬದಿಯಡ್ಕ ಫಾರ್ಮಸಿಸ್ಟ್: ರಕ್ತಕ್ಕೆ ಆ ಭೇದ ತಿಳಿಯದು ಸ್ವಾಮಿ! ಹೀಗೆ ಹೇಳಿಹೇಳಿಯೇ ಜನ ಮಾತ್ರೆ ಬಿಟ್ಟು ಬೆಲ್ಲದ ಕಾಫಿ ಕುಡಿಯುತ್ತಾರೆ.

ನೀರ್ಚಾಲಿನವ: ಗಂಜಿಯ ವಿಷಯ ಯಾರಾದರೂ ಹೇಳುವಿರಾ?

ನಿವೃತ್ತ ನರ್ಸ್, ಮಂಜೇಶ್ವರ: ಚಪಾತಿಯೂ ಪಿಷ್ಟವೇ. ನಾಲ್ಕು ತಿಂದರೆ ಗಂಜಿ ಬಿಟ್ಟು ಬಂದ ಲಾಭವೇನು? ಕುಚ್ಚಲಕ್ಕಿ ಬೆಳ್ತಿಗೆಗಿಂತ (ಬಿಳಿ ಅಕ್ಕಿಗಿಂತ) ವಾಸಿ, ಆದರೆ ಕರಗುವಷ್ಟು ಬೇಯಿಸಿದರೆ ಬೇಗ ಜೀರ್ಣವಾಗಿ ಸಕ್ಕರೆ ಏರಿಸುತ್ತದೆ. ಅನ್ನದ ಅಳತೆ ಅರ್ಧಕ್ಕೆ ಇಳಿಸಿ, ಹುರುಳಿಯ ಸಾರು, ತೊಂಡೆಯದೋ ಅಲಸಂಡೆಯದೋ ಪಲ್ಯ ಹೆಚ್ಚಿಸಿ. ಪಲ್ಯ ಮೊದಲು ತಿನ್ನಲಿ. ಊಟ ಶುರುವಾಗಿ ಎರಡು ಗಂಟೆ ಕಳೆದ ಮೇಲೆ ಒಂದು ಸಲ ಸಕ್ಕರೆ ಪರೀಕ್ಷಿಸಿ, ಗಂಜಿಯ ದಿನವೂ, ಚಪಾತಿಯ ದಿನವೂ. ಮಾತ್ರೆಯ ಪ್ರಮಾಣ ವೈದ್ಯರೇ ನಿರ್ಧರಿಸಲಿ.

ಪೆರ್ಲದ ಕೃಷಿಕ: ನೋಡಿದಿರಾ, ಕುಚ್ಚಲಕ್ಕಿ ವಾಸಿ ಎಂದು ನರ್ಸಮ್ಮನೇ ಹೇಳಿದರು.

ಕುಂಬಳೆ ಟೀಚರ್: ಅರ್ಧಕ್ಕೆ ಇಳಿಸಿ ಎಂದದ್ದು ಕಾಣಿಸಲಿಲ್ಲವೇ?

ಮುಳ್ಳೇರಿಯ ಭಾವ: ಶ್ರೀಕಾಕುಳದವರು ಹಿಟ್ಟು ಮಾಡಿದ್ದು ಬಕ್ಕೆಯದೋ ತುಳುವದ್ದೋ, ಅದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.