ಎಡಿಎಚ್‌ಡಿ, ಡಿಸ್ಲೆಕ್ಸಿಯಾ, ಆಟಿಸಂ ಇರೋ ವಕೀಲರ ಸಲುವಾಗಿ ಟ್ರಸ್ಟ್ ಮಾಡಾಕತ್ತಾರ, ನನಗ ಟ್ರಸ್ಟಿ ಆಗು ಅಂತಾರ, ಒಪ್ಪಲೇನ್ರಿ?

ಕರಿಕೋಟು_ಬೆಳಗಾವಿ:
ಎಲ್ಲಾರಿಗೂ ನಮಸ್ಕಾರ್ರಿ. ನಾ ಬೆಳಗಾವಿ ಜಿಲ್ಲಾ ಕೋರ್ಟಿನ್ಯಾಗ 11 ವರ್ಷದಿಂದ ಸಿವಿಲ್ ಪ್ರಾಕ್ಟೀಸ್ ಮಾಡಾಕತ್ತೀನಿ. ಹೋದ ವರ್ಷ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಹೋಗಿ ತೋರ್ಸಿದಾಗ ನನಗ ಎಡಿಎಚ್‌ಡಿ, ಅಂದ್ರ ಲಕ್ಷ್ಯ ಒಂದ ಕಡೆ ಹಿಡಿದಿಡೂದು ಕಷ್ಟ ಆಗೂ ತೊಂದರಿ, ಐತಿ ಅಂತ ಗೊತ್ತಾತು, ಅಲ್ಲೀ ತನಕ ನಾ ಬೇಜವಾಬ್ದಾರಿ ಹೆಣ್ಮಗಳು ಅಂತ ನಾನ ನಂಬಿದ್ದೆ. ಕ್ರಾಸ್ (ಪಾಟೀಸವಾಲು) ಮಾಡಾಕ ನಿಂತ್ರ ಸಾಕ್ಷಿದಾರ ಹೇಳಿದ ಒಂದೊಂದು ಮಾತೂ ತಲ್ಯಾಗ ನಿಲ್ತೈತಿ, ಆದ್ರ ಮುಂದಿನ ತಾರೀಖು ಡೈರಿಯೊಳಗ ಬರ್ಕೊಳ್ಳೂದ ಮರೀತೀನಿ. ಜೂನಿಯರ್ ಇದ್ದಾಗ ಹಂಗ ಒಂದು ದಾವೆ ಗೈರುಹಾಜರಿ ಮ್ಯಾಲೆ ವಜಾ ಆತು, 30 ದಿನದೊಳಗ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 9 ರೂಲ್ 9 ಅರ್ಜಿ ಹಾಕಿ ಮತ್ತ ಫೈಲಿಗೆ ತಂದ್ವಿ ಖರೆ, ಆದ್ರ ಆ ಪಕ್ಷಗಾರ ಮುತ್ಯಾ "ನನ್ನ ಹೊಲದ ಕೇಸ ಮರ್ತೇನವಾ ಮಗಳ" ಅಂದಿದ್ದು ಇವತ್ತಿಗೂ ಮರೀವಲ್ದು.

ಈಗ ನಿವೃತ್ತ ಆದ ಲಾ ಕಾಲೇಜಿನ ಮೇಡಂ ಒಬ್ರು, ಇಬ್ರು ಸೀನಿಯರ್ ವಕೀಲ್ರು ಕೂಡಿ ನಮ್ಮಂಥಾವ್ರ ಸಲುವಾಗಿ ಸಣ್ಣ ಟ್ರಸ್ಟ್ ಮಾಡಬೇಕಂತಾರ, ಟೆಸ್ಟಿಂಗ್ ಖರ್ಚು ಕೊಡೂದು, ಜೂನಿಯರ್‌ಗಳಿಗೆ ದಾರಿ ತೋರ್ಸೋ ಸೀನಿಯರ್ ಹುಡುಕಿ ಕೊಡೂದು, ಹಿಂಗ. ನನಗ ಟ್ರಸ್ಟಿ ಆಗು ಅಂದಾರ. ಮನಸ್ಸು ಭಾಳ ಐತಿ, ಅಂಜಿಕಿನೂ ಐತಿ. ಬಾರ್ ಕೌನ್ಸಿಲ್ ರೂಲ್ಸಿಗೆ ಅಡ್ಡಿ ಬರತೈತೇನು, ನಾಳೆ ದುಡ್ಡಿನ ಲೆಕ್ಕ ತಪ್ಪಿದ್ರ ನನ್ನ ಕೊಳ್ಳಿಗೆ ಬರತೈತೇನು, ತಾರೀಖು ಮರಿಯೋ ನಾನು ಇನ್ನೊಬ್ರ ಜವಾಬ್ದಾರಿ ಹೊತ್ಕೊಳ್ಳೂದು ಬರೋಬ್ಬರಿನ ಏನು, ಅನುಭವ ಇದ್ದಾವ್ರು ಹೇಳ್ರಿ.

ಹಳೇ_ಟ್ರಸ್ಟಿ:
ತಂಗಿ, ನಾನೂ ವಕೀಲ, ಒಂದು ಬೋರ್ಡಿಂಗ್ ಟ್ರಸ್ಟಿನ್ಯಾಗ 14 ವರ್ಷ ಟ್ರಸ್ಟಿ ಇದ್ದಾಂವ. ಬಾರ್ ಕೌನ್ಸಿಲಿನ ರೂಲ್ 49 ತಡಿಯೂದು ಪೂರಾ ಹೊತ್ತಿನ ಪಗಾರದ ನೌಕರಿ. ಪಗಾರ ಇಲ್ಲದ ಟ್ರಸ್ಟಿಗೆ ಅದು ಅಡ್ಡಿ ಬರಂಗಿಲ್ಲ. ರೂಲ್ 36 ಮಾತ್ರ ಒಮ್ಮೆ ತಗದ ಓದವಾ, ಇಂಥಾ ಸಂಸ್ಥೆಯಾಗ ಅದೀನಿ ಅಂತ ನೇಮ್‌ಪ್ಲೇಟಿನ ಮ್ಯಾಲಾಗ್ಲಿ ಲೆಟರ್‌ಹೆಡ್ಡಿನ ಮ್ಯಾಲಾಗ್ಲಿ ಹಾಕೂ ಹಂಗಿಲ್ಲ. ಟ್ರಸ್ಟಿನ ಬ್ಯಾನರಿನ್ಯಾಗ ನಿನ್ನ ಆಫೀಸ್ ನಂಬರ್ ಹಾಕ್ತೀವಂದ್ರ ಬ್ಯಾಡ ಅನ್ನು.

ಒಪ್ಪೂಕಿಂತ ಮೊದಲ ಟ್ರಸ್ಟ್ ಡೀಡಿನ (ಟ್ರಸ್ಟ್ ಪತ್ರದ) ಕರಡು ತರಿಸಿ ರಾಜೀನಾಮೆ ಕಲಂ ಐತೋ ಇಲ್ಲೋ ನೋಡು. 1882ರ ಟ್ರಸ್ಟ್ ಕಾಯ್ದೆ ಖಾಸಗಿ ಟ್ರಸ್ಟಿಂದು, ಸಾರ್ವಜನಿಕ ಧರ್ಮಾದಾಯಕ್ಕ ಸೀದಾ ಹತ್ತಂಗಿಲ್ಲ, ಆದ್ರ ಅದರ ತತ್ವ ಕೋರ್ಟಿನವ್ರು ನೋಡ್ತಾರ. ಅದರ ಕಲಂ 46ರ ಪ್ರಕಾರ ಒಮ್ಮೆ ಒಪ್ಕೊಂಡ ಮ್ಯಾಲೆ ಮನಸ್ಸಿಗೆ ಬಂದಾಗ ಬಿಟ್ಟು ಹೋಗಾಕ ಬರಂಗಿಲ್ಲ, ಡೀಡಿನ್ಯಾಗ ಅವಕಾಶ ಇರಬೇಕು, ಇಲ್ಲಂದ್ರ ಫಲಾನುಭವಿ ಒಪ್ಪಬೇಕು ಅಥವಾ ಕೋರ್ಟ್ ಪರವಾನಗಿ ಬೇಕು. ನಾ ಇದನ್ನ ನೋಡ್ಲಾರದ ಸಹಿ ಮಾಡಿ ಬಿಡಬೇಕಂದಾಗ ಭಾಳ ತ್ರಾಸ ತಗೊಂಡೀನಿ.

ದುಡ್ಡಿನ ಮಾತು: ಚೆಕ್ಕಿಗೆ ಇಬ್ರ ಸಹಿ, ಪ್ರತಿ ಮೀಟಿಂಗಿಗೆ ಠರಾವು ಪುಸ್ತಕ, ವರ್ಷಾ ಆಡಿಟ್, ಆದಾಯ ತೆರಿಗೆ ವಿನಾಯಿತಿ ನೋಂದಣಿ ಕೆಲಸಾ ಒಬ್ಬ ಸಿಎ ಕೈಯಾಗ. ಲೆಕ್ಕ ನೋಡ್ಲಾರದ ಸಹಿ ಮಾಡಿದ ಟ್ರಸ್ಟಿನೂ ಉತ್ತರ ಕೊಡಬೇಕಾಗತೈತಿ, ಸಾರ್ವಜನಿಕ ಟ್ರಸ್ಟಿನ ಮ್ಯಾಲೆ ದಾವೆ ಹಾಕೂ ಸಿಪಿಸಿ ಕಲಂ 92 ನಿನಗ ನಾ ಹೇಳೂದು ಬ್ಯಾಡ. ಇನ್ನೊಂದು, ನಿನಗೂ ಎಡಿಎಚ್‌ಡಿ ಐತಿ, ನಾಳೆ ಟ್ರಸ್ಟಿನ ರೊಕ್ಕದಾಗ ನೀನ ಟೆಸ್ಟ್ ಮಾಡಿಸ್ಕೊಂಡ್ರ ಟ್ರಸ್ಟಿಗೇ ಲಾಭ ಕೊಟ್ಟಂಗ ಆಗಿ ತೆರಿಗೆ ವಿನಾಯಿತಿಗೆ ಪೆಟ್ಟು ಬೀಳತೈತಿ. ಅಂಥಾ ವಿಷಯ ಬಂದಾಗ ಠರಾವು ಪುಸ್ತಕದಾಗ ಬರ್ಸಿ ಎದ್ದು ಹೊರಗ ಕುಂಡ್ರು.

ಬಾರ್‌ರೂಮ್_ಕಟ್ಟಿ:
ತಪ್ಪು ತಿಳ್ಕೋಬ್ಯಾಡ್ರಿ ಮೇಡಂ, ತಾರೀಖು ಯಾರು ಮರಿಯಂಗಿಲ್ಲ? ನಮ್ಮ ಸೀನಿಯರು ಬೈದ ಬೈದ ನಮ್ಮನ್ನ ತಿದ್ದಿದ್ರು. ಎಲ್ಲಾಕೂ ಹೆಸರಿಟ್ರ ಪಕ್ಷಗಾರರು ನಂಬ್ತಾರೇನ್ರಿ?

ಕರಿಕೋಟು_ಬೆಳಗಾವಿ:
ಸರ, ನನಗೂ ಎಂಟು ವರ್ಷ ಬೈದಾರ್ರಿ. ಬೈದಾಗೆಲ್ಲಾ ಅತ್ತೀನಿ, ಹೊಸಾ ಡೈರಿ ತಂದೀನಿ, ನಾಕ ದಿನಾ ಬರ್ದೀನಿ, ಮತ್ತ ಅದ. ಕಾರಣ ತಿಳಿದ ಮ್ಯಾಲೆ ಕೋರ್ಟ್ ಹಾಲಿನ್ಯಾಗ ನಿಂತಲ್ಲೆ ತಾರೀಖು ಫೋನಿಗೆ ಹೇಳಿ ರೆಕಾರ್ಡ್ ಮಾಡೂ ರೂಢಿ ಇಟ್ಕೊಂಡೆ, ರಾತ್ರಿ ಇ-ಕೋರ್ಟ್ಸ್ ಆ್ಯಪಿನ್ಯಾಗ ಎಲ್ಲಾ ಕೇಸ್ ತಾಳೆ ನೋಡ್ತೀನಿ. ಒಂದು ವರ್ಷ ಆತ್ರಿ, ಒಂದೂ ತಪ್ಪಿಲ್ಲ. ಪಕ್ಷಗಾರರ ವಿಷಯ ಮಾತ್ರ ನೀವು ಹೇಳಿದ್ದು ಖರೆ ಐತಿ, ಅದಕ್ಕ ನಾ ಯಾರಿಗೂ ಹೇಳಿಲ್ಲ.

ಗೋಕಾಕದ_ಜೂನಿಯರ್:
ಅಕ್ಕಾರ, ನನಗ ಡಿಸ್ಲೆಕ್ಸಿಯಾ (ಓದೂದು ಬರಿಯೂದು ಕಷ್ಟ ಆಗೂ ತೊಂದರಿ) ಐತ್ರಿ, ಎನ್‌ರೋಲ್ ಆಗಿ ಮೂರು ವರ್ಷ. ವಾದ ಮಾಡ್ತೀನಿ, ಪಾಯಿಂಟ್ ಹುಡುಕ್ತೀನಿ, ಆದ್ರ ಕೈಬರಹದ ಹಳೇ ಉತಾರ (ಹೊಲದ ದಾಖಲೆ) ಓದಾಕ ಕೊಟ್ರ ಒಂದು ತಾಸು ಬೇಕ್ರಿ, ಸರ್ವೆ ನಂಬರಿನ ಅಂಕಿ ಹಿಂದ ಮುಂದ ಆಗ್ತಾವು. ಒಮ್ಮೆ ಎಲ್ಲಾರ ಮುಂದ "ಎಲ್‌ಎಲ್‌ಬಿ ಹೆಂಗ ಪಾಸಾದಿ" ಅಂದ್ರು, ಅವತ್ತು ಊಟ ಸೇರ್ಲಿಲ್ಲ. ಈಗ ಟೈಪ್ ಮಾಡಿದ ಪಿಡಿಎಫ್ ಇದ್ರ ಫೋನ್ ಓದಿ ಹೇಳತೈತಿ, ಕಿವೀಲೆ ಕೇಳ್ತೀನಿ. ಫೋಟೋ ಹೊಡ್ದು ಕಳಸಿದ್ರ ಅದಕ್ಕ ಓದಾಕ ಬರಂಗಿಲ್ಲ.

ನೀವು ಟ್ರಸ್ಟಿ ಆಗ್ರಿ. ಆದ್ರ ಎರಡು ಮಾತು ಕೇಳ್ತೀನಿ. ಶಾಲು ಹಾರ ಹಾಕಿ ನಮ್ಮ ಫೋಟೋ ವಾಟ್ಸಾಪ್ ಗ್ರೂಪಿಗೆ ಬಿಡಬ್ಯಾಡ್ರಿ, ನಮ್ಮದು ಸಣ್ಣ ಬಾರ್, ಚಾ ಅಂಗಡಿಗೆ ಹೋಗೂದ್ರೊಳಗ ಸುದ್ದಿ ಮುಟ್ಟಿರತೈತಿ. ಮತ್ತ ಕೆಲಸಾ ಬಾಯಲೆ ಹೇಳಿ ಬಿಡ್ಲಾರದ ಎರಡು ಸಾಲು ಬರ್ದು ಕೊಡೋ ಸೀನಿಯರ್ ಮೂರು ಮಂದಿ ಸಿಕ್ರ ಸಾಕ್ರಿ, ನಮಗ ಅದ ಭಾಳ ದೊಡ್ಡದು.

ವಿಜಯಪುರ_ಲಾ_ಲೆಕ್ಚರರ್:
ಕಾನೂನಿನ ಕಡಿಂದ ಒಂದೆರಡು ಮಾತು ಸೇರಿಸ್ತೀನ್ರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆದಾಗ 21 ಸ್ಥಿತಿಗಳ ಪಟ್ಟಿ ಅದ, ಆಟಿಸಂ, ಕಲಿಕೆಯ ನ್ಯೂನತೆ ಅದರಾಗ ಅವ, ಎಡಿಎಚ್‌ಡಿ ಹೆಸರು ಬ್ಯಾರೆಯಾಗಿ ಇಲ್ಲ. ಟ್ರಸ್ಟ್ ಡೀಡಿನ್ಯಾಗ "ಕಾಯ್ದೆಯ ಪಟ್ಟಿಯಲ್ಲಿರುವವರಿಗೆ" ಅಂತ ಬರದ್ರ ಮೇಡಂ, ನಿಮ್ಮಂಥಾವ್ರೇ ಹೊರಗ ಉಳೀತೀರಿ, ಆ ಶಬ್ದ ಬದಲಿಸ್ರಿ. ಸರ್ಟಿಫಿಕೇಟಿನ್ಯಾಗ ಅಂಗವೈಕಲ್ಯ 40 ಪರ್ಸೆಂಟ್ ಇರಬೇಕು ಅಂತನೂ ಹಾಕಬ್ಯಾಡ್ರಿ. 2021ರ ಫೆಬ್ರುವರಿದಾಗ ವಿಕಾಸ್ ಕುಮಾರ್ ವರ್ಸಸ್ ಯುಪಿಎಸ್‌ಸಿ ಕೇಸಿನ್ಯಾಗ ಸುಪ್ರೀಂ ಕೋರ್ಟ್, ಪರೀಕ್ಷೆಗೆ ಲಿಪಿಕಾರ (ಹೇಳಿದ್ದನ್ನ ಬರ್ದು ಕೊಡಾಂವ) ಬೇಕಂದ್ರ 40 ಪರ್ಸೆಂಟ್ ಇರಲೇಬೇಕು ಅನ್ನೂದು ತಪ್ಪು ಅಂತ ಹೇಳ್ತು.

ಆದ್ರ ದೊಡ್ಡ ತೊಡಕು ಬ್ಯಾರೆ ಅದ. ಜೂನಿಯರ್ ವಕೀಲ ಯಾರ ನೌಕರನೂ ಅಲ್ಲ. ಪಗಾರದ ಚೀಟಿ ಇಲ್ಲ, ಎಚ್‌ಆರ್ ಇಲ್ಲ, ಸೌಲಭ್ಯ ಕೊಡ್ರಿ ಅಂತ ಅರ್ಜಿ ಕೊಡಬೇಕಂದ್ರ ಯಾರಿಗೆ ಕೊಡಬೇಕು? ಇಂಗ್ಲೆಂಡಿನ 2010ರ ಈಕ್ವಾಲಿಟಿ ಆ್ಯಕ್ಟಿನ್ಯಾಗ ಬ್ಯಾರಿಸ್ಟರ್ ಕೈಯಾಗ ಕಲಿಯಾಕ ಬಂದಾವ್ರನ್ನೂ ಹೆಸರು ಹಿಡಿದು ಸೇರ್ಸ್ಯಾರ. ನಮ್ಮಲ್ಲೆ ಸೀನಿಯರ್ ಮನಸ್ಸಿದ್ರ ಆತು, ಇಲ್ಲಂದ್ರ ಇಲ್ಲ. ಜೂನಿಯರ್ ಪರವಾಗಿ ಸೀನಿಯರ್ ಹತ್ರ ಹೋಗಿ ಕುಂತು ಮಾತಾಡೋ ಒಬ್ರು ಬೇಕು, ನಿಮ್ಮ ಟ್ರಸ್ಟ್ ಆ ಕೆಲಸಾ ಮೊದಲ ಮಾಡ್ಲಿ, ಸೆಮಿನಾರ್ ಆಮ್ಯಾಲೆ.

ಕರಿಕೋಟು_ಬೆಳಗಾವಿ:
ಎಲ್ಲಾರಿಗೂ ಶರಣ್ರಿ. ಇವತ್ತ ಮೇಡಂಗೆ ಫೋನ್ ಹಚ್ಚಿದ್ದೆ. ಕರಡಿನ್ಯಾಗ ರಾಜೀನಾಮೆ ಕಲಂ ಇರ್ಲೇ ಇಲ್ಲ, ಹಾಕ್ತೀವಿ ಅಂದ್ರು. ಫಲಾನುಭವಿ ಕಲಮಿನ್ಯಾಗ "ಪಟ್ಟಿಯಲ್ಲಿರುವ" ಅಂತ ಖರೇನ ಇತ್ತು, ಅದನ್ನ ತೆಗಸೂದು, ಹೆಸರು ಗುಟ್ಟಾಗಿ ಇಡೂದರ ಬಗ್ಗೆ ಒಂದು ಕಲಂ ಸೇರ್ಸೂದು, ಇವೆರಡೂ ಆದ್ರ ಸಹಿ ಮಾಡ್ತೀನಿ ಅಂದೀನಿ. ಲೆಕ್ಕ ನಾ ಹಿಡಿಯಂಗಿಲ್ಲ, ಮಂದಿ ಕೂಡ ಮಾತಾಡೂದು ನನ್ನ ಪಾಲಿಗೆ ಕೊಡ್ರಿ ಅಂತನೂ ಕೇಳ್ಕೊಂಡೆ, ಒಪ್ಪಿದ್ರು. ಮತ್ತ ನನಗ ಏನೈತಿ ಅಂತ ಅವ್ರಿಗೆ ಇವತ್ತ ಮೊದಲ ಸಲ ಹೇಳಿದೆ.

ಇಂಥಾ ಟ್ರಸ್ಟಿನ್ಯಾಗ ನಾ ಒಬ್ಬಾಕೆ ಕುಂತ್ರ ಸಾಲಂಗಿಲ್ಲ. ಗೋಕಾಕದ ತಮ್ಮಾ, ಬರೂ ಭಾನುವಾರ 11ಕ್ಕ ಮೀಟಿಂಗ್ ಐತಿ, ನೀನೂ ಬರ್ತಿಯೇನಪಾ? ನಿನ್ನ ವಿಷಯ ಯಾರ ಮುಂದೂ ತಗದಿಲ್ಲ.

ಗೋಕಾಕದ_ಜೂನಿಯರ್:
ಬರ್ತೀನ್ರಿ ಅಕ್ಕಾರ. ಡೀಡ್ ಕರಡು ಶುಕ್ರವಾರದೊಳಗ ಕಳಸ್ರಿ, ಟೈಪ್ ಮಾಡಿದ್ದು, ಫೋಟೋ ಬ್ಯಾಡ. ಬಸ್ಸಿನ್ಯಾಗ ಕೇಳ್ಕೋತ ಬರ್ತೀನಿ.