ಹತ್ತನೇ ಕ್ಲಾಸಿಗೆ ಹೃದಯದ ಕಾಯಿಲೆ ಬಗ್ಗೆ ಹೇಗೆ ಹೇಳಿಕೊಡುವುದು?

ವಿಜ್ಞಾನ ಟೀಚರ್:
ಸೆಪ್ಟೆಂಬರ್ 29 ವಿಶ್ವ ಹೃದಯ ದಿನ, ನನಗೆ ಒಂದು ಪೀರಿಯಡ್ ಸಿಕ್ಕಿದೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದರಲ್ಲ, ಮಕ್ಕಳು ಈಗಲೂ ಕೇಳುತ್ತಾರೆ, "ಜಿಮ್ಮಿಗೆ ಹೋದರೆ ಹಾರ್ಟ್ ಅಟ್ಯಾಕ್ ಆಗುತ್ತಾ ಮಿಸ್?" ಅಂತ. ಹೆದರಿಸದೆ ಏನು ಹೇಳಲಿ?

ಸ್ಟಾಫ್ ನರ್ಸ್:
ಮೇಡಂ, ವ್ಯಾಯಾಮ ಹೃದಯಕ್ಕೆ ಒಳ್ಳೆಯದು ಅಂತ ಮೊದಲು ಸ್ಪಷ್ಟವಾಗಿ ಹೇಳಿ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರುವುದು ಚಿಕ್ಕ ವಯಸ್ಸಿನಲ್ಲೇ ಶುರುವಾಗಬಹುದು, ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ, ಒಂದು ದಿನ ಅದು ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ನಾಳ ಮುಚ್ಚಿಹೋಗುತ್ತದೆ. ಬೀಡಿ, ಸಿಗರೇಟು, ಬಿಪಿ, ಶುಗರ್ ಇದನ್ನು ಜಾಸ್ತಿ ಮಾಡುತ್ತವೆ. ಓಡುವಾಗ ಎದೆನೋವು ಬಂದರೆ, ತಲೆ ಸುತ್ತಿ ಬಿದ್ದರೆ ಗ್ಯಾಸ್ಟ್ರಿಕ್ ಅಂತ ಸುಮ್ನೆ ಬಿಡಬಾರದು. ಇದನ್ನು ಮಕ್ಕಳು ಮನೆಯಲ್ಲೂ ಹೇಳಲಿ.

ಪಿ.ಟಿ. ಮೇಷ್ಟ್ರು:
ನಾನು ಚಿಪ್ಸ್ ಪ್ಯಾಕೆಟ್ ತರಿಸುತ್ತೇನೆ. ಹಿಂದೆ ಬರೆದಿರುವ ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕು, ಅಂದರೆ ಒಂದು ಟೀ ಚಮಚದಷ್ಟೂ ಇಲ್ಲ. ಮನೆಯ ಉಪ್ಪಿನಕಾಯಿ, ಹಪ್ಪಳವೂ ಇದರಲ್ಲೇ ಬಂತು, ಅಲ್ವಾ? ಆಮೇಲೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಸಿ, ದಿಂಬಿನ ಮೇಲೆ ಸಾಕು. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಆಳಕ್ಕೆ ಒತ್ತಬೇಕು. ಅದಕ್ಕೂ ಮೊದಲು ಯಾರಾದರೂ 108ಕ್ಕೆ ಫೋನ್ ಮಾಡಬೇಕು.

ವಿಜ್ಞಾನ ಟೀಚರ್:
ಪ್ಯಾಕೆಟ್ ಲೆಕ್ಕ ತುಂಬಾ ಹಿಡಿಸಿತು ಸರ್. ದಿಂಬು ಮನೆಯಿಂದಲೇ ತರುತ್ತೇನೆ.